ಸೋಲಿನ ಹೊರೆ ಕೋಚ್ ಒಬ್ಬರ ತಲೆಗೆ

2024ರ ಸೆಪ್ಟೆಂಬರ್ ಮೊದಲ ವಾರ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಮಿಲ್ಟನ್ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಒಬ್ಬರೂ ಮಾತಾಡುತ್ತಿರಲಿಲ್ಲ. ಹತ್ತಿರದ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ರಗ್ಬಿ ಲೀಗ್ ತಂಡ ವರ್ಷದ ಕೊನೆಯ ಪಂದ್ಯವನ್ನು ಮೆಲ್ಬರ್ನ್ ಸ್ಟಾರ್ಮ್ ಎದುರು 50–12ರಿಂದ ಸೋತಿತ್ತು. ನನ್ನ ಮಗ ಜರ್ಸಿಯ ಮೇಲೆ ಜಾಕೆಟ್ ಎಳೆದುಕೊಂಡು, “ಅಮ್ಮ, ಈ ಕೋಚ್‌ನ ಇನ್ನು ಇಟ್ಕೊಳಲ್ಲ ಬಿಡು” ಅಂದ. ಸ್ಪ್ರಿಂಗ್‌ಫೀಲ್ಡ್‌ನ ಮನೆ ತಲುಪುವವರೆಗೂ ಮತ್ತೆ ಬಾಯಿ ಬಿಡಲಿಲ್ಲ. ಅದೇ ತಿಂಗಳ ಕೊನೆಗೆ ಕೋಚ್ ಕೆವಿನ್ ವಾಲ್ಟರ್ಸ್ ಅವರನ್ನು ಹುದ್ದೆಯಿಂದ ತೆಗೆದರು. ಒಪ್ಪಂದದ ಅವಧಿ ಇನ್ನೂ ಉಳಿದಿತ್ತು.

ನಾನು ತುಮಕೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸಿದವಳು, ಈಗ ನಿವೃತ್ತಳು. ಮಗನ ಮನೆಗೆ ಹೋದಾಗ ರಗ್ಬಿ ಲೀಗ್ ನನಗೆ ಬೇಗ ಹಿಡಿಸಿತು. ಹದಿಮೂರು ಜನ, ಚೆಂಡು ಹಿಡಿದವನು ಎದುರಾಳಿಗಳ ಗೋಡೆಗೆ ನುಗ್ಗುತ್ತಾನೆ, ಇಬ್ಬರು ಮೂವರು ಸೇರಿ ಅವನನ್ನು ತಬ್ಬಿ ಕೆಡವುತ್ತಾರೆ. ಅವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಒಬ್ಬಳು ಸೊಂಟ ಹಿಡಿದಾಗ ಇನ್ನೊಬ್ಬಳು ಕಾಲಿಗೆ ಬೀಳಬೇಕು ಎಂದು ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆನಲ್ಲ, ಅದೇ ಲೆಕ್ಕ ಇಲ್ಲೂ. ಬ್ರಾಂಕೋಸ್ ಹುಡುಗರು ಆ ವರ್ಷ ಸೊಂಟ ಹಿಡಿಯುತ್ತಿದ್ದರು, ಕಾಲಿಗೆ ಬೀಳುವವರು ತಡವಾಗಿ ಬರುತ್ತಿದ್ದರು. ಕೋಚ್‌ನ ತಪ್ಪು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯಿತು ಎಂದು ಒಪ್ಪಿಕೊಳ್ಳಲು ನನ್ನಿಂದ ಆಗುವುದಿಲ್ಲ.

ವಾಲ್ಟರ್ಸ್ ಇಪ್ಸ್‌ವಿಚ್‌ನಲ್ಲಿ ಬೆಳೆದವರು, ನನ್ನ ಮಗ ಈಗಿರುವ ಕಡೆಯವರೇ. ಆಟಗಾರರಾಗಿ ಬ್ರಾಂಕೋಸ್‌ಗೆ 1992, 1993, 1997, 1998, 2000ರಲ್ಲಿ ಐದು ಪ್ರಶಸ್ತಿ ಗೆದ್ದುಕೊಟ್ಟವರು. ಅವರು ಕೋಚ್ ಆಗಿ ಬಂದಾಗ ತಂಡ ಯಾವ ಸ್ಥಿತಿಯಲ್ಲಿತ್ತು ಗೊತ್ತೆ? 2020ರಲ್ಲಿ 20 ಪಂದ್ಯ ಆಡಿ ಮೂರೇ ಮೂರು ಗೆದ್ದು, ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ಬಾರಿಗೆ ಪಟ್ಟಿಯ ಕೊನೆಗೆ ಇಳಿದಿತ್ತು. ತವರಿನ ಒಂದು ಪಂದ್ಯವನ್ನು 59–0ರಿಂದ ಸೋತಿತ್ತು. ಆಗಿನ ಕೋಚ್ ಆಂಥನಿ ಸೀಬೋಲ್ಡ್ ಐದು ವರ್ಷಕ್ಕೆಂದು ಬಂದವರು, ಎರಡನೇ ವರ್ಷ ಮುಗಿಯುವ ಮೊದಲೇ ಹೊರಟರು. ಅಲ್ಲಿಂದ ವಾಲ್ಟರ್ಸ್ ತಂಡವನ್ನು 14ನೇ ಸ್ಥಾನಕ್ಕೆ, ಮರುವರ್ಷ 9ಕ್ಕೆ, 2023ರಲ್ಲಿ 2ಕ್ಕೆ ತಂದರು. ಆ ವರ್ಷದ ಫೈನಲ್‌ನಲ್ಲಿ ಪೆನ್ರಿತ್ ತಂಡದ ಎದುರು 24–8ರ ಮುನ್ನಡೆ ಇತ್ತು. ಕೊನೆಯ 20 ನಿಮಿಷಗಳಲ್ಲಿ ಅದು ಜಾರಿ 26–24ರ ಸೋಲಾಯಿತು. ಮುಂದಿನ ವರ್ಷ 12ನೇ ಸ್ಥಾನ. ಏಣಿ ಹತ್ತಿಸಿದ ಮೂರು ವರ್ಷ ಯಾರ ನೆನಪಿನಲ್ಲೂ ಉಳಿಯಲಿಲ್ಲ.

2024ರ ಆ ಒಂದು ವರ್ಷ ಏನಾಯಿತು ಎಂದು ಬಿಡಿಸಿ ನೋಡಬೇಕು. ವರ್ಷದ ಆರಂಭದಲ್ಲೇ ಆಟಗಾರ ರೀಸ್ ವಾಲ್ಶ್ ಮುಖದ ಮೂಳೆ ಮುರಿದುಕೊಂಡರು. ತಂಡವನ್ನು ಮೈದಾನದಲ್ಲಿ ನಡೆಸುವ ಆಡಮ್ ರೆನಾಲ್ಡ್ಸ್ ತೋಳಿನ ಸ್ನಾಯು ಹರಿದು ವಾರಗಟ್ಟಲೆ ಹೊರಗುಳಿದರು. ಇವು ಗಾಯಗಳು, ಯಾರನ್ನೂ ದೂರಲಾಗದು. ಆದರೆ ಫೈನಲ್ ಆಡಿದ ಹರ್ಬಿ ಫಾರ್ನ್‌ವರ್ತ್, ಟಾಮ್ ಫ್ಲೆಗ್ಲರ್ ಇಬ್ಬರೂ ಅದೇ ಊರಿನ ಹೊಸ ತಂಡ ಡಾಲ್ಫಿನ್ಸ್‌ಗೆ ಹೋದರು. ಆ ಲೀಗ್‌ನ ಎಲ್ಲ ತಂಡಗಳ ಸಂಬಳಕ್ಕೂ ಒಂದೇ ಮಿತಿ ಇದೆ. ತಂಡ ಚೆನ್ನಾಗಿ ಆಡಿದಷ್ಟೂ ಆಟಗಾರರ ಬೆಲೆ ಏರುತ್ತದೆ, ಎಲ್ಲರನ್ನೂ ಉಳಿಸಿಕೊಳ್ಳಲಾಗುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಯಾರನ್ನು ಬಿಡಬೇಕು ಎಂಬ ತೀರ್ಮಾನದಲ್ಲಿ ಕೋಚ್‌ನ ಮಾತಿಗೂ ಬೆಲೆ ಇರಬಹುದು. ಹಣದ ಚೀಲ ಮಾತ್ರ ಅವರ ಕೈಯಲ್ಲಿಲ್ಲ.

ಇದು ನನ್ನನ್ನು ಇಷ್ಟು ಕಾಡಲು ಕಾರಣವಿದೆ. ಒಂದು ವರ್ಷ ನಮ್ಮ ಶಾಲೆಯ ಕಬಡ್ಡಿ ತಂಡದ ಇಬ್ಬರು ಒಳ್ಳೆಯ ರೈಡರ್‌ಗಳು ಜೂನ್ ತಿಂಗಳಲ್ಲೇ ಟಿ.ಸಿ. ತೆಗೆದುಕೊಂಡು ಹೋದರು. ಆಫೀಸಿನಲ್ಲಿ ಸಹಿ ಆದ ಮೇಲೆ ನನಗೆ ಗೊತ್ತಾಯಿತು. ಎಡ ಕಾರ್ನರ್ ಹುಡುಗಿಗೆ ಮಂಡಿ ಉಳುಕಿತ್ತು. ತಾಲ್ಲೂಕು ಮಟ್ಟದ ಮೊದಲ ಸುತ್ತಿನಲ್ಲೇ ಸೋತೆವು. ಮರುವಾರದ ಸಭೆಯಲ್ಲಿ ಕಬಡ್ಡಿಯನ್ನು ನನ್ನಿಂದ ತೆಗೆದು ಇನ್ನೊಬ್ಬ ಮೇಷ್ಟ್ರಿಗೆ ಕೊಟ್ಟರು. ನನಗೆ ಪ್ರಾರ್ಥನೆಯ ಸಾಲು, ಪಥಸಂಚಲನ. ಮುಂದಿನ ವರ್ಷ ಅದೇ ಹುಡುಗಿಯರು ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಹೋದರು. ಆ ಮೇಷ್ಟ್ರು ಚೆನ್ನಾಗಿಯೇ ಕಲಿಸಿದರು, ಅದನ್ನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ನಾನು ಮುಂಜಾನೆ ನಾಲ್ಕು ಸುತ್ತು ಓಡಿಸುತ್ತಿದ್ದೆ, ಅವರು ಹತ್ತು ಓಡಿಸಿದರು. ದ್ವಿತೀಯಾರ್ಧದಲ್ಲಿ ಹುಡುಗಿಯರ ಉಸಿರು ಉಳಿದಿತ್ತು. ನನಗೆ ನೋವಾದದ್ದು ಅವರಿಗೆ ಕೊಟ್ಟಿದ್ದಕ್ಕಲ್ಲ. ಆ ಸಭೆಯಲ್ಲಿ ಟಿ.ಸಿ.ಗೆ ಸಹಿ ಹಾಕಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹಗ್ಗದಾಚೆ ನಿಂತು ಆ ಮಕ್ಕಳ ಆಟ ನೋಡುವಾಗಲೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು.

ಬ್ರಾಂಕೋಸ್‌ನಲ್ಲೂ ಹಾಗೇ ಆಯಿತು. ವಾಲ್ಟರ್ಸ್ ಜಾಗಕ್ಕೆ ಮೈಕೆಲ್ ಮ್ಯಾಗ್ವೈರ್ ಬಂದರು. 2014ರಲ್ಲಿ ಸೌತ್ ಸಿಡ್ನಿ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟವರು, ಆಟಗಾರರ ಬೆವರು ಇಳಿಸುವವರು. ಮೊದಲ ವರ್ಷವೇ, 2025ರ ಅಕ್ಟೋಬರ್ 5ರಂದು, ಅದೇ ಮೆಲ್ಬರ್ನ್ ತಂಡವನ್ನು ಫೈನಲ್‌ನಲ್ಲಿ 26–22ರಿಂದ ಸೋಲಿಸಿ 2006ರ ನಂತರದ ಮೊದಲ ಪ್ರಶಸ್ತಿ ತಂದರು. ಅರ್ಧ ಆಟಕ್ಕೆ 22–12ರಿಂದ ಹಿಂದಿದ್ದವರು, ಆಮೇಲೆ ಎದುರಾಳಿಗೆ ಒಂದು ಅಂಕವನ್ನೂ ಬಿಡಲಿಲ್ಲ. ಆ ನಲವತ್ತು ನಿಮಿಷದಲ್ಲಿ ಮ್ಯಾಗ್ವೈರ್ ಕೈ ಎದ್ದು ಕಾಣುತ್ತಿತ್ತು. ವಾಲ್ಟರ್ಸ್ ತಂಡ 24–8ನ್ನು ಕಾಯ್ದುಕೊಳ್ಳಲಾಗದೆ ಹೋದದ್ದು ನೆನಪಿದ್ದವರು ಇದನ್ನು ಅಲ್ಲಗಳೆಯಲಾರರು. ಹಾಗಾದರೆ ತೆಗೆದದ್ದು ಸರಿಯಾಯಿತಲ್ಲ ಎಂದು ಮಗ ಕೇಳಿದ. ಬಹಳ ಜನ ಹಾಗೇ ಹೇಳುತ್ತಾರೆ.

ಗೆಲುವು ಬಂದ ಮಾತ್ರಕ್ಕೆ ಹಿಂದಿನ ವರ್ಷದ ಲೆಕ್ಕ ಸರಿಯಾಗಿತ್ತು ಎಂದಾಗುವುದಿಲ್ಲ. ವಾಲ್ಟರ್ಸ್ ಹೊರಬಿದ್ದ ಮರುವರ್ಷವೇ ತಂಡ ಗೆದ್ದದ್ದು ಇದು ಎರಡನೇ ಸಲ. 2005ರ ಕೊನೆಗೆ ಅವರು ಇದೇ ಕ್ಲಬ್ಬಿನಲ್ಲಿ ಸಹಾಯಕ ಕೋಚ್, ಆಗಲೂ ಅವರನ್ನು ಕೈಬಿಟ್ಟರು, ಮರುವರ್ಷ ತಂಡ ಪ್ರಶಸ್ತಿ ಗೆದ್ದಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಮಗ ಬಿಲ್ಲಿ ಇದೇ ತಂಡದ ಆಟಗಾರ. 2023ರ ಫೈನಲ್‌ನಲ್ಲಿ ಅಪ್ಪನ ಕೈಕೆಳಗೆ ಆಡಿದ ಹುಡುಗ, ಅಪ್ಪ ಹೋದ ಮೇಲೂ ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಬೂಟು ಕಟ್ಟಿದ. ಕ್ಲಬ್ಬುಗಳು ತೀರ್ಮಾನ ತೆಗೆದುಕೊಳ್ಳುವಾಗ ಇಂಥದ್ದನ್ನು ನೋಡಲಾಗದು, ನಾನೂ ಒಪ್ಪುತ್ತೇನೆ. ಕೋಚ್ ಅನ್ನು ತೆಗೆಯುವ ಹಕ್ಕೂ ಅವರಿಗಿದೆ. ನಾನು ಕೇಳುವುದು ಇಷ್ಟೇ: ವರ್ಷದ ಕೊನೆಗೆ ಪರಾಮರ್ಶೆ ಅಂತ ಕೂತಾಗ, ಕೋಚ್ ಮಾಡಿದ ತಪ್ಪಿನ ಪಕ್ಕದಲ್ಲೇ ಆಡಳಿತ ಮಾಡಿದ ತಪ್ಪನ್ನೂ ಬರೆಯಲಿ. ಯಾವ ಆಟಗಾರನನ್ನು ಯಾರು ಬಿಟ್ಟರು, ಬದಲಿಗೆ ಯಾರನ್ನು ತಂದರು, ಗಾಯಗಳು ಎಷ್ಟು ವಾರ ತಿಂದವು, ಇದೆಲ್ಲ ಟಿಕೆಟ್ ಕೊಂಡು ಬರುವ ಜನರ ಮುಂದೆ ಇಡಲಿ. ಆಮೇಲೂ ಕೋಚ್ ಹೋಗಬೇಕೆಂದಾದರೆ ಹೋಗಲಿ. ಸೋತ ವರ್ಷದ ಪೂರ್ತಿ ಹೊರೆಯನ್ನು ಒಬ್ಬ ಮನುಷ್ಯನ ಬೆನ್ನಿಗೆ ಕಟ್ಟಿ ಕಳಿಸಿದರೆ ಉಳಿದವರು ಯಾರೂ ಏನೂ ಕಲಿಯುವುದಿಲ್ಲ.

ವಾಲ್ಟರ್ಸ್ ಕೆಲಸ ಬರದವರಲ್ಲ. ಅದೇ 2025ರಲ್ಲಿ ಆಸ್ಟ್ರೇಲಿಯಾ ತಂಡದ ಕೋಚ್ ಆದರು, ಇಂಗ್ಲೆಂಡಿಗೆ ಹೋಗಿ ರಗ್ಬಿ ಲೀಗ್ ಆ್ಯಷಸ್ ಸರಣಿಯನ್ನು 3–0ರಿಂದ ಗೆದ್ದರು.

2025ರ ಫೈನಲ್ ದಿನ ನಾನು ಊರಿನಲ್ಲಿದ್ದೆ. ನಮಗೆ ಅದು ಮಧ್ಯಾಹ್ನದ ಹೊತ್ತು, ಊಟದ ತಟ್ಟೆ ಪಕ್ಕಕ್ಕಿಟ್ಟು ಮೊಬೈಲ್‌ನಲ್ಲಿ ನೋಡಿದೆ. ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ವಾಲ್ಶ್, ಹಾಸ್, ಕ್ಯಾರಿಗನ್, ಸ್ಟ್ಯಾಗ್ಸ್ ಅಂತ ಒಂದೊಂದೇ ಹೆಸರು ಬರೆದುಕೊಳ್ಳುತ್ತಿದ್ದೆ. ಎಲ್ಲರೂ ವಾಲ್ಟರ್ಸ್ ತಂಡದಲ್ಲಿ ಆಡಿದವರು. ಪಂದ್ಯ ಮುಗಿದ ಕೂಡಲೇ ಮಗ ಫೋನ್ ಮಾಡಿದ. ಹಿಂದೆ ಮೊಮ್ಮಗ ಕೂಗಾಡುತ್ತಿದ್ದ.

“ಈಗೇನಂತೀಯಮ್ಮ?”

“ತುಂಬ ಸಂತೋಷ ಕಣೋ,” ಅಂದೆ. “ಆ ಕ್ಯಾಪ್ಟನ್ ರೆನಾಲ್ಡ್ಸ್ ನಿಮ್ಮ ಟೀಮಿಗೆ ಬಂದ ವರ್ಷ ಕೋಚ್ ಯಾರಿದ್ರು, ಅದನ್ನ ಹೇಳು ನೋಡೋಣ.”