ಮೊದಲ ಫೋನಿಗೆ ಬೇಕಿರುವುದು ಆಯುಷ್ಯ

ಗೋವಾದ ವಾಸ್ಕೋದಲ್ಲಿ ಮೊಬೈಲ್ ಅಂಗಡಿಗೆ ಮೊದಲ ಸಲ ಸ್ಮಾರ್ಟ್‌ಫೋನ್ ಕೊಳ್ಳಲು ಬರುವ ಬಾಯ್ನಾದ ಕನ್ನಡಿಗರ ಪ್ರಶ್ನೆಗಳು ನೇರವಾಗಿರುತ್ತವೆ. ವಾಟ್ಸ್‌ಆ್ಯಪ್ ನಡೀತೈತೇನ್ರಿ? ಕಂತಿನ ಮ್ಯಾಲೆ ಸಿಗ್ತೈತೇನ್ರಿ? ಬ್ಯಾಟರಿ ಎಷ್ಟ್ ತಾಸು ಬರ್ತೈತ್ರಿ? ಜತೆಗೆ ಮಗನೋ ಮಗಳೋ ಬಂದಿದ್ದರೆ ಕ್ಯಾಮೆರಾದ ಮಾತು ಬರುತ್ತದೆ, ಆಂಡ್ರಾಯ್ಡೋ ಐಫೋನೋ ಎಂಬ ಚರ್ಚೆಯೂ ನಡೆಯುತ್ತದೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಫೋನಿನೊಳಗಿನ ಆಪರೇಟಿಂಗ್ ಸಿಸ್ಟಂಗೆ (ಒಎಸ್‌ಗೆ) ಇನ್ನೆಷ್ಟು ವರ್ಷ ಆಯುಷ್ಯವಿದೆ ಎಂದು ಕೇಳುವವರು ಅಪರೂಪ. ಡಬ್ಬದ ಮೇಲೆ ಅದನ್ನು ಬರೆಯಲೇಬೇಕೆಂಬ ನಿಯಮವಿಲ್ಲ, ಅಂಗಡಿಯವರಿಗೂ ಅದು ಗೊತ್ತಿರುವುದು ಕಡಿಮೆ. ದುಡಿದು ಕೂಡಿಟ್ಟ ಹಣದಲ್ಲಿ ಮೊದಲ ಫೋನ್ ಕೊಳ್ಳುವವರಿಗೆ ಮಿಕ್ಕೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಅದೇ ಎಂಬುದು ನನ್ನ ವಾದ.

ಬಾಯ್ನಾವನ್ನೇ ಎತ್ತಿಕೊಳ್ಳಲು ಕಾರಣವಿದೆ. ಮುರಗಾಂವ ಬಂದರಿನ ಮಗ್ಗುಲಲ್ಲಿ, ವಾಸ್ಕೋ ಪೇಟೆಗೆ ಅಂಟಿಕೊಂಡಿರುವ ಈ ಕಡಲಂಚಿಗೆ ಉತ್ತರ ಕರ್ನಾಟಕದ ಜನ ದಶಕಗಳಿಂದ ಬಂದು ನೆಲೆಸಿದ್ದಾರೆ. ಹಮಾಲಿ, ಗೌಂಡಿ ಕೆಲಸ, ಮೀನಿನ ಕೂಲಿ, ಮನೆಗೆಲಸ ಅವರ ಜೀವನಾಧಾರ. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಕನ್ನಡ ತಾಯ್ನುಡಿಯವರ ಪಾಲು ಶೇ 4.6ರ ಆಸುಪಾಸು. 2004ರ ಜೂನ್‌ನಲ್ಲಿ ವೇಶ್ಯಾವಾಟಿಕೆಯನ್ನು ತೆರವು ಮಾಡುವ ಹೆಸರಿನಲ್ಲಿ ಬಾಯ್ನಾದ ನೂರಾರು ಗೂಡುಮನೆಗಳನ್ನು ಕೆಡವಿದಾಗ ಅವುಗಳ ಜತೆ ಕೂಲಿಕಾರರ ಸೂರೂ ಹೋಯಿತು. 2015ರ ಸೆಪ್ಟೆಂಬರ್‌ನಲ್ಲಿ ದಂಡೆಯ ಮೇಲಿದ್ದ ಕನ್ನಡಿಗರ ಮನೆಗಳು ಮತ್ತೆ ನೆಲಸಮವಾದವು. ಮಳೆಗಾಲದ ಬೀದಿಯಲ್ಲಿ ನಿಂತ ಕುಟುಂಬಕ್ಕೆ ಎದುರಾಗುವ ಮೊದಲ ಪ್ರಶ್ನೆ ‘ಕಾಗದಪತ್ರ ಎಲ್ಲಿ’ ಎಂಬುದು. ಹಿಂದೆ ಆ ಕಾಗದಗಳು ಟ್ರಂಕಿನಲ್ಲಿದ್ದವು. ಈಗ ಬಹುಪಾಲು ಫೋನಿನಲ್ಲಿವೆ: ಡಿಜಿಲಾಕರ್‌ನ ಆಧಾರ್, 2021ರಲ್ಲಿ ಶುರುವಾದ ಇ–ಶ್ರಮ್ ಕಾರ್ಡು, ಊರಿನ ರೇಷನ್ ಕಾರ್ಡಿನ ಫೋಟೊ, ಮಗುವಿನ ಜನನ ಪ್ರಮಾಣಪತ್ರ, ಮೇಸ್ತ್ರಿ ಕಳುಹಿಸಿದ ಕೂಲಿ ಹಣದ ಲೆಕ್ಕ. ಊರಲ್ಲಿರುವ ಅತ್ತೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂತೇ ಎಂದು ವಿಚಾರಿಸುವುದೂ ಅದರಲ್ಲೇ. ಇಂಥ ಫೋನ್ ಎರಡು ವರ್ಷಕ್ಕೆ ಕೈಕೊಟ್ಟರೆ ಹೋಗುವುದು ಮನರಂಜನೆಯಷ್ಟೇ ಅಲ್ಲ.

ಒಎಸ್‌ಗಳು ಸಾಯುತ್ತವೆ. ಸತ್ತಾಗ ಹೆಚ್ಚು ಪೆಟ್ಟು ತಿಂದವರು ಕಡಿಮೆ ಬೆಲೆಯ ಫೋನ್ ಕೊಂಡವರು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಒಎಸ್ ಇದ್ದ ಫೋನ್ ತಂದಿತು. ಮರುವರ್ಷದ ಕೊನೆಗೇ ಮೊಜಿಲ್ಲಾ ಸಂಸ್ಥೆ ಫೋನುಗಳ ದಾರಿಯಿಂದ ಹಿಂದೆ ಸರಿಯುವುದಾಗಿ ಹೇಳಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನದೇ ಟೈಜನ್ ಒಎಸ್ ಇರುವ ಝಡ್1 ಫೋನನ್ನು 5,700 ರೂಪಾಯಿಗೆ ಭಾರತದಲ್ಲೇ ಮೊದಲು ಬಿಡುಗಡೆ ಮಾಡಿತು. ಆ ಫೋನುಗಳ ಸಾಲೂ ಮುಂದೆ ನಿಂತುಹೋಯಿತು. ನೋಕಿಯಾ ಹೆಸರಿನ ಮೇಲೆ ನಂಬಿಕೆಯಿಟ್ಟು, ಮುಂದೆ ನಿಂತುಹೋದ ಮತ್ತೊಂದು ಒಎಸ್‌ನ ಲೂಮಿಯಾ ಕೊಂಡವರ ಫೋನಿನಲ್ಲಿ 2019ರ ಡಿಸೆಂಬರ್ 31ಕ್ಕೆ ವಾಟ್ಸ್‌ಆ್ಯಪ್ ನಿಂತಿತು. ಅದರ ಗಾಜು, ಬ್ಯಾಟರಿ, ಕ್ಯಾಮೆರಾ ಎಲ್ಲ ಚೆನ್ನಾಗಿಯೇ ಇದ್ದವು.

ಇವೆಲ್ಲಕ್ಕಿಂತ ದೊಡ್ಡದು ಜಿಯೊಫೋನ್ ಕಥೆ. 2017ರ ಜುಲೈನಲ್ಲಿ 1,500 ರೂಪಾಯಿ ಠೇವಣಿಗೆ ಘೋಷಣೆಯಾದ ಆ ಫೋನ್ ಲಕ್ಷಾಂತರ ಕುಟುಂಬಗಳಿಗೆ ಇಂಟರ್ನೆಟ್ಟಿನ ಮೊದಲ ಬಾಗಿಲಾಯಿತು. ಒಳಗಿದ್ದದ್ದು ಫೈರ್‌ಫಾಕ್ಸ್ ಒಎಸ್‌ನ ಬೇರಿನಿಂದಲೇ ಚಿಗುರಿದ ಕಾಯ್‌ಒಎಸ್. 2018ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ವಾಟ್ಸ್‌ಆ್ಯಪ್ ಬಂತು. ಅಕ್ಷರ ಓದಲು ಬಾರದ ತಾಯಂದಿರು ಗುಂಡಿ ಒತ್ತಿ ಧ್ವನಿ ಸಂದೇಶ ಕಳುಹಿಸಲು ಕಲಿತರು. 2024ರ ಜೂನ್‌ನಲ್ಲಿ ಕಾಯ್‌ಒಎಸ್‌ಗೆ ಹೊಸದಾಗಿ ವಾಟ್ಸ್‌ಆ್ಯಪ್ ಇಳಿಸಿಕೊಳ್ಳುವುದು ನಿಂತಿತು. 2025ರ ಆರಂಭದ ಹೊತ್ತಿಗೆ ಇದ್ದವರಿಗೂ ನಿಂತಿತು. ಹಾಗೆ ಕೈಬಿಡಲ್ಪಟ್ಟವರು ಇಂದು ಮತ್ತೆ ‘ಮೊದಲ ಸಲ’ ಸ್ಮಾರ್ಟ್‌ಫೋನ್ ಕೊಳ್ಳಲು ಬರುತ್ತಿದ್ದಾರೆ. ಅವರ ಅಂಜಿಕೆಯನ್ನು ಅಜ್ಞಾನ ಎನ್ನಬಾರದು. ಅದು ಅನುಭವ.

ಹೀಗಾಗಿ ಕಣದಲ್ಲಿ ಉಳಿದಿರುವುದು ಎರಡೇ: ಆಂಡ್ರಾಯ್ಡ್ ಮತ್ತು ಐಫೋನಿನ ಐಒಎಸ್. ಭಾರತದಲ್ಲಿ ಬಳಕೆಯಲ್ಲಿರುವ ಹತ್ತು ಸ್ಮಾರ್ಟ್‌ಫೋನುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್‌ನವು. ಐಫೋನ್ ಹೊರಗಿನದೆಂದು ತಳ್ಳಿಹಾಕುವಂತಿಲ್ಲ. ಕೋಲಾರದ ನರಸಾಪುರದಲ್ಲೂ ದೇವನಹಳ್ಳಿ ಬಳಿಯೂ ಅದು ತಯಾರಾಗುತ್ತದೆ. ಅದರ ಪರವಾಗಿ ಎರಡು ಮಾತುಗಳನ್ನು ಹೇಳಲೇಬೇಕು. ಫೋನನ್ನೂ ಒಎಸ್ಸನ್ನೂ ಮಾಡುವುದು ಒಂದೇ ಕಂಪನಿಯಾದ್ದರಿಂದ ಅಪ್‌ಡೇಟ್ ದೀರ್ಘಕಾಲ ಬರುತ್ತದೆ: 2015ರ ಐಫೋನ್ 6ಎಸ್‌ಗೆ 2021ರ ಐಒಎಸ್ 15 ಸಿಕ್ಕಿತ್ತು. ಎರಡನೆಯದು, ವಾಟ್ಸ್‌ಆ್ಯಪ್‌ನಲ್ಲಿ ಬರುವ ಸುಳ್ಳು ‘ಇ–ಚಲನ್’ ಎಪಿಕೆ (ಆ್ಯಪ್ ಅಳವಡಿಸುವ) ಫೈಲು, ಸರ್ಕಾರಿ ಯೋಜನೆಯ ಹೆಸರಿನ ಎಪಿಕೆ ಫೈಲು ಐಫೋನಿನಲ್ಲಿ ತೆರೆದುಕೊಳ್ಳುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಒಂದೆರಡು ಎಚ್ಚರಿಕೆಗಳನ್ನು ದಾಟಿ ಒತ್ತಿಬಿಟ್ಟರೆ ಒಟಿಪಿಯೂ ಬ್ಯಾಂಕಿನ ಹಣವೂ ಕಳ್ಳರ ಕೈಗೆ ಹೋಗಬಹುದು. ಮೊದಲ ಸಲ ಫೋನ್ ಹಿಡಿದವರಿಗೆ ಇದು ನಿಜವಾದ ಅಪಾಯ.

ಆದರೂ ಬಾಯ್ನಾದ ಮೊದಲ ಖರೀದಿದಾರರಿಗೆ ಐಫೋನ್ ತಗೊಳ್ಳಿ ಎಂದು ಹೇಳಲಾರೆ. ಹೊಸ ಐಫೋನುಗಳಲ್ಲಿ ಕಡಿಮೆ ಬೆಲೆಯದೆಂದು 2025ರ ಫೆಬ್ರುವರಿಯಲ್ಲಿ ಬಂದ 16ಇಗೆ ಆಗ ಭಾರತದಲ್ಲಿ 59,900 ರೂಪಾಯಿ ಇತ್ತು. ಅಷ್ಟಿಲ್ಲವೆಂದು ಸೆಕೆಂಡ್‌ಹ್ಯಾಂಡ್ ಐಫೋನಿಗೆ ಕೈಹಾಕುವ ಹುಡುಗರು ಬಹಳ, ಮೋಸ ಹೋಗುವುದೂ ಅಲ್ಲಿಯೇ. 2025ರ ಮೇ ತಿಂಗಳಿಂದ ವಾಟ್ಸ್‌ಆ್ಯಪ್‌ಗೆ ಐಒಎಸ್ 15.1 ಅಥವಾ ಅದಕ್ಕಿಂತ ಹೊಸದು ಬೇಕು. ಐಒಎಸ್ 12ರಲ್ಲೇ ನಿಂತ ಐಫೋನ್ 6 ಹೊಳೆಯುತ್ತಿದ್ದರೂ ಅದರಲ್ಲಿ ವಾಟ್ಸ್‌ಆ್ಯಪ್ ಇಲ್ಲ. ಹಳೆಯ ಮಾಲೀಕರ ಆ್ಯಪಲ್ ಖಾತೆ ತೆಗೆಯದೇ ಮಾರಿದ ಫೋನ್ ಬೀಗ ಬಿದ್ದ ಡಬ್ಬಿಯಷ್ಟೇ. 14ನೇ ಸರಣಿಯವರೆಗಿನ ಐಫೋನಿಗೆ ಬೇರೆಯದೇ ಚಾರ್ಜರ್ ಪಿನ್ ಬೇಕು. ಒಂದೇ ಪ್ಲಗ್ ಇರುವ ಒಂದೇ ಕೋಣೆಯಲ್ಲಿ ನಾಲ್ವರು ಚಾರ್ಜರ್ ಹಂಚಿಕೊಳ್ಳುವಾಗ ಇದು ಸಣ್ಣ ತೊಡಕಲ್ಲ. ಕೆಟ್ಟರೆ ಓಣಿಯ ರಿಪೇರಿಯವರಲ್ಲಿ ಬಿಡಿಭಾಗ ಅಗ್ಗಕ್ಕೆ ಸಿಗುವುದೂ ಇಲ್ಲ.

ಭಾಷೆಯ ವಿಷಯದಲ್ಲೂ ಆಂಡ್ರಾಯ್ಡ್ ಮುಂದಿತ್ತು. 2017ರಲ್ಲೇ ಗೂಗಲ್ ಕನ್ನಡವನ್ನು ಧ್ವನಿಯಿಂದ ಅಕ್ಷರಕ್ಕಿಳಿಸುವ ಸೌಲಭ್ಯ ಕೊಟ್ಟಿತು. ಓದು ಬರಹ ಬಾರದವರು ಮೈಕ್ ಒತ್ತಿ ‘ಹುಬ್ಬಳ್ಳಿಗೆ ಹೋಗೋ ಗಾಡಿ’ ಎಂದರೆ ಸಾಕು, ಹುಡುಕಾಟ ನಡೆಯುತ್ತದೆ. ಆ್ಯಪಲ್‌ನ ಕನ್ನಡ ಕೀಬೋರ್ಡ್ ಬಂದದ್ದೂ ಅದೇ ವರ್ಷದ ಐಒಎಸ್ 11ರಲ್ಲಿ. ಐಫೋನಿನ ಮೆನುಗಳೆಲ್ಲ ಕನ್ನಡದಲ್ಲಿ ಕಾಣುವಂತಾದದ್ದು ಮಾತ್ರ ತೀರಾ ಇತ್ತೀಚೆಗೆ. ತಾಯಿ ಕನ್ನಡದಲ್ಲಿ, ಮಗಳು ಕೊಂಕಣಿಯಲ್ಲಿ, ಗುತ್ತಿಗೆದಾರ ಹಿಂದಿಯಲ್ಲಿ ಮಾತಾಡುವ ಬಾಯ್ನಾದ ಮನೆಗೆ ಒಂದೇ ಕೀಬೋರ್ಡಿನಲ್ಲಿ ಹಲವು ಭಾಷೆ ಸಲೀಸಾಗಿ ಬದಲಾಗಬೇಕು. ಪಕ್ಕದ ಮನೆಯವರಿಗೂ ಗೊತ್ತಿರುವ ಒಎಸ್ ಆದರೆ ಕೇಳಿ ಕಲಿಯಬಹುದು. ಮೊದಲ ಸಲ ಕಲಿಯುವವರಿಗೆ ಓಣಿಯೇ ಶಾಲೆಯಾದ್ದರಿಂದ ಈ ಕೊನೆಯ ಅಂಶಕ್ಕೆ ನಾನು ಬಹಳ ತೂಕ ಕೊಡುತ್ತೇನೆ.

ಹಾಗೆಂದು ‘ಆಂಡ್ರಾಯ್ಡ್ ಕೊಳ್ಳಿ’ ಎಂದರೆ ಮಾತು ಮುಗಿಯುವುದಿಲ್ಲ. ಆಂಡ್ರಾಯ್ಡ್ ಎಂಬುದು ಒಂದು ಫೋನಲ್ಲ. ಗೂಗಲ್ ಸಿದ್ಧಪಡಿಸಿದ ಅಪ್‌ಡೇಟ್ ಚಿಪ್ ಮಾಡುವವರನ್ನೂ ಫೋನ್ ಮಾಡುವವರನ್ನೂ ದಾಟಿ ಬರಬೇಕು. ಹಣ ಉಳಿಸಲು ಇವರಲ್ಲಿ ಯಾರು ಕೈಬಿಟ್ಟರೂ ಫೋನ್ ಅಲ್ಲಿಗೇ ನಿಲ್ಲುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಸುಂದರ್ ಪಿಚೈ ದೆಹಲಿಯಲ್ಲಿ ಆಂಡ್ರಾಯ್ಡ್ ಒನ್ ಬಿಡುಗಡೆ ಮಾಡಿದ್ದು ಈ ತೊಡಕನ್ನು ಬಿಡಿಸಲೆಂದೇ. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಕಂಪನಿಗಳು 6,399 ರೂಪಾಯಿಯಿಂದ ಆ ಫೋನ್ ಮಾರಿದವು. ಯೋಜನೆ ಭಾರತದಲ್ಲಿ ಬೇರು ಬಿಡಲಿಲ್ಲ. ಆದರೆ ಕಡಿಮೆ ಬೆಲೆಯ ಫೋನಿಗೆ ದೀರ್ಘಾಯುಷ್ಯ ಸಾಧ್ಯವೇ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಹತ್ತು ಸಾವಿರದ ಆಸುಪಾಸಿನಲ್ಲಿ 2025ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ06 5ಜಿಗೆ ನಾಲ್ಕು ವರ್ಷ, ಇಪ್ಪತ್ತು ಸಾವಿರದೊಳಗಿನ ಎ16 5ಜಿಗೆ ಆರು ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿ ಬಹಿರಂಗವಾಗಿ ಹೇಳಿದೆ. ಒಬ್ಬರಿಗೆ ಸಾಧ್ಯವಾದದ್ದು ಇತರರಿಗೂ ಸಾಧ್ಯ. ಸಾವಿರ ರೂಪಾಯಿ ಉಳಿಸಲು ಯಾವ ಭರವಸೆಯೂ ಇಲ್ಲದ ಫೋನ್ ಕೊಳ್ಳುವ ಬದಲು, ಇನ್ನೊಂದು ತಿಂಗಳು ಕಾದು ನಾಲ್ಕು ವರ್ಷದ ಭರವಸೆ ಇರುವುದನ್ನು ಕೊಳ್ಳುವುದೇ ಮೇಲು.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ನಷ್ಟ ಆಗುವುದು ಅಲ್ಲಿ. ಎರಡೂ ಒಎಸ್‌ಗಳು ಖಾತೆಯಿಲ್ಲದೆ ಪೂರ್ತಿ ನಡೆಯುವುದಿಲ್ಲ. ಆಂಡ್ರಾಯ್ಡ್‌ಗೆ ಗೂಗಲ್ ಖಾತೆ ಬೇಕು. ಮೊದಲ ಸಲ ಕೊಳ್ಳುವವರಿಗೆ ಆ ಖಾತೆಯನ್ನು ಅಂಗಡಿಯ ಹುಡುಗನೋ ಪರಿಚಯದವರೋ ತಮಗೆ ತೋಚಿದ ಹೆಸರು, ತಮಗೆ ನೆನಪಿರುವ ಪಾಸ್‌ವರ್ಡ್ ಹಾಕಿ ತೆರೆದುಕೊಡುತ್ತಾರೆ. ಫೋನ್ ಕೊಂಡವರಿಗೆ ಅದೇನೆಂದೇ ಗೊತ್ತಿರುವುದಿಲ್ಲ. ಫೋನ್ ನೀರಿಗೆ ಬಿದ್ದ ದಿನ, ಕಳವಾದ ದಿನ ಫೋಟೊ, ಫೋನ್‌ ನಂಬರು, ಬ್ಯಾಕಪ್ಪಿನಲ್ಲಿದ್ದ ವಾಟ್ಸ್‌ಆ್ಯಪ್ ಎಲ್ಲ ಆ ಅನಾಮಧೇಯ ಖಾತೆಯೊಳಗೆ ಉಳಿದುಬಿಡುತ್ತವೆ. ಫೋನನ್ನು ರೀಸೆಟ್ ಮಾಡಿದರೂ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ 2015ರಿಂದ ಇದೆ. ಕಳ್ಳರನ್ನು ತಡೆಯಲು ಮಾಡಿದ ಏರ್ಪಾಡು ಇಲ್ಲಿ ಮಾಲೀಕರನ್ನೇ ಹೊರಗಿಡುತ್ತದೆ. ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋದವರು ಗೋವಾದ ಸಿಮ್ಮನ್ನು ಮೂರು ತಿಂಗಳು ಬಳಸದೇ ರೀಚಾರ್ಜೂ ಮಾಡದೇ ಬಿಟ್ಟರೆ ನಂಬರು ರದ್ದಾಗಬಹುದು. ಖಾತೆ ಮರಳಿ ಪಡೆಯುವ ಒಟಿಪಿ ಬರುವುದು ಅದೇ ನಂಬರಿಗೆ, ಆಧಾರ್ ಜೋಡಣೆಯೂ ಅದರಲ್ಲೇ. ಆದ್ದರಿಂದ ಖಾತೆಯನ್ನು ಸ್ವಂತ ಹೆಸರಿನ ಸಿಮ್ಮಿನಿಂದ, ಕೊಂಡವರ ಎದುರಿಗೇ ತೆರೆಯಬೇಕು. ಪಾಸ್‌ವರ್ಡನ್ನು ಕನ್ನಡದಲ್ಲೇ ಬೇಕಾದರೂ ಚೀಟಿಯಲ್ಲಿ ಬರೆದು ಮನೆಯಲ್ಲಿ ಇಡಬೇಕು. ಗೋವಾದ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಪಕ್ಕದಲ್ಲಿ ಇದಕ್ಕೊಂದು ಮೇಜು ಹಾಕಿದರೆ ಅದು ದೊಡ್ಡ ಸೇವೆಯಾದೀತು.

ಖರೀದಿದಾರರ ಎಚ್ಚರಕ್ಕೇ ಎಲ್ಲವನ್ನೂ ಬಿಡುವುದು ನ್ಯಾಯವಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಫೋನಿಗೆ ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿಗಳು ಪ್ರಕಟಿಸಲೇಬೇಕು. ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ಇನ್ನೂ ಮುಂದೆ ಹೋಗಿ, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಇರಬೇಕೆಂದು ವಿಧಿಸಿದೆ. ನಮ್ಮಲ್ಲಿ ಪೊಟ್ಟಣದ ಸರಕಿನ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು–ವರ್ಷ ಅಚ್ಚಾಗಬೇಕೆಂಬ 2011ರ ಕಾನೂನು ಮಾಪನ ನಿಯಮಗಳಿವೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ನೇಮಿಸಿದ ಸಮಿತಿ 2025ರ ಮೇ ತಿಂಗಳಲ್ಲಿ ದುರಸ್ತಿ ಎಷ್ಟು ಸುಲಭ ಎಂಬುದಕ್ಕೆ ಅಂಕ ಕೊಡುವ ದುರಸ್ತಿ ಸೂಚ್ಯಂಕದ ವರದಿ ಕೊಟ್ಟಾಗ, ಮೊಬೈಲ್ ಫೋನ್‌ಗಳನ್ನೂ ಸಾಫ್ಟ್‌ವೇರ್ ಅಪ್‌ಡೇಟನ್ನೂ ಅದರ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅಂಕಗಳ ಸೂಚ್ಯಂಕ ಬರುವಾಗ ಬರಲಿ. ಅದಕ್ಕೂ ಮೊದಲು ಡಬ್ಬದ ಮೇಲೆ, ಬೆಲೆಯ ಪಕ್ಕದಲ್ಲಿ ‘ಸುರಕ್ಷತಾ ಅಪ್‌ಡೇಟ್: ಇಂಥ ವರ್ಷದ ಇಂಥ ತಿಂಗಳವರೆಗೆ’ ಎಂಬ ಒಂದು ಸಾಲು, ಮಾರುವ ರಾಜ್ಯದ ಭಾಷೆಗಳಲ್ಲಿ ಅಚ್ಚಾಗಬೇಕು. ಗೋವಾದಲ್ಲಿ ಮಾರುವ ಡಬ್ಬದ ಮೇಲೆ ಕೊಂಕಣಿ, ಮರಾಠಿಯ ಜತೆ ಕನ್ನಡವೂ ಇರಲಿ ಎಂದು ಕೇಳುವ ಹಕ್ಕು ಬಾಯ್ನಾ, ವಾಸ್ಕೋ ಸಮೀಪದ ಝುವಾರಿನಗರದ ಜನರಿಗಿದೆ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇರುವ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು. ಕರ್ನಾಟಕದ ಸಂಸದರು ಬಾಯ್ನಾದ ಮನೆಗಳು ಉರುಳಿದಾಗ ಮಾತ್ರ ಅಲ್ಲಿನ ಕನ್ನಡಿಗರನ್ನು ನೆನೆಯುವುದನ್ನು ಬಿಟ್ಟು, ಗೋವಾದ ಸಂಸದರನ್ನು ಜತೆಗೆ ಸೇರಿಸಿಕೊಂಡು ಬರುವ ಅಧಿವೇಶನದಲ್ಲೇ ಈ ತಿದ್ದುಪಡಿಯನ್ನು ಕೇಳಲಿ.