ಗುಳ್ಳವ್ವನನ್ನು ಮತ್ತೆ ಮಾಡುವ ಬಗೆ



ಕೆಲವು ವರುಷಗಳ ಹಿಂದಿನ ಸ್ನೇಹಸಮ್ಮೇಳನದಲ್ಲಿ ನಮ್ಮ ಹುಡುಗಿಯರು ಗುಳ್ಳವ್ವನ ಹಬ್ಬವನ್ನು ರಂಗದ ಮೇಲೆ ಆಡಿ ತೋರಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇಳಕಲ್ಲ ಸೀರೆ, ಧ್ವನಿವರ್ಧಕದ ಹಾಡು, ಪೇಟೆಯಿಂದ ತಂದ ಬಣ್ಣದ ಮೂರ್ತಿ, ಯಾವುದಕ್ಕೂ ಕೊರತೆಯಿರಲಿಲ್ಲ. ಕಾರ್ಯಕ್ರಮವು ಮುಗಿದ ಮೇಲೆ ತಿಕೋಟಾದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದುಕೊಂಡು ಬಂದು, “ಅಕ್ಕೋರ, ಭಾಳ ಚಂದ ಆತ್ರಿ. ಆದ್ರ ಈ ಗುಳ್ಳವ್ವನ ಮಣ್ಣು ಯಾರು ತಂದ್ರು, ಯಾರು ನಾದಿದ್ರು?” ಎಂದು ಕೇಳಿದರು. ಆ ಮೂರ್ತಿಯು ಮಣ್ಣಿನದೇ ಆಗಿರಲಿಲ್ಲ, ಪ್ಲ್ಯಾಸ್ಟರಿನದಾಗಿತ್ತು. ನಾನು ಉತ್ತರ ಕೊಡಲಾರದೆ ನಿಂತೆನು. ಆ ಲೋಪವು ನನ್ನದು. ಅದರಿಂದ ಕಲಿತದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವೆನು.

ಆಷಾಢದ ಮಂಗಳವಾರಗಳಂದು ನಮ್ಮ ಸೀಮೆಯ ಹೆಣ್ಣುಮಕ್ಕಳು ಮಣ್ಣು ತಂದು ಗುಳ್ಳವ್ವನನ್ನು ಮಾಡುವರು. ಗುಲಗಂಜಿ, ಜೋಳ, ಕುಸುಬೆಗಳ ಕಾಳುಗಳಿಂದ ಸಿಂಗರಿಸುವರು. ಸಂಜೆಗೆ ನೆರೆಹೊರೆಯವರು ಕೂಡಿ ಆರತಿ ಬೆಳಗಿ ಹಾಡುವರು. ಬುತ್ತಿ ಕಟ್ಟಿಕೊಂಡು ಊರ ಹೊರಗೆ ಹೋಗಿ ಉಂಡು ಬರುವರು. ಕಡೆಗೆ ಆ ಮಣ್ಣು ಮಣ್ಣನ್ನೇ ಸೇರುವದು. ಜ್ಯೇಷ್ಠ ಅಮಾವಾಸ್ಯೆಯ ಮಣ್ಣೆತ್ತುಗಳೂ ಭಾದ್ರಪದದ ಜೋಕುಮಾರನೂ ಹೀಗೆಯೇ ಬಂದು ಹೋಗುವರು.

ನಮ್ಮ ವಿಜಯಪುರವು ಕಲ್ಲಿನ ಕೆಲಸಕ್ಕೆ ಹೆಸರಾದ ಊರು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಗೋಳಗುಮ್ಮಟವನ್ನು ಕಾಯಲು ಸರಕಾರದ ಇಲಾಖೆಯಿದೆ. ಕಲ್ಲು ಸಡಿಲಿದರೆ ಗಾರೆ ಹಾಕಿ ಉಳಿಸಬಹುದು. ಆದರೆ ಕರಗಲಿಕ್ಕೆಂದೇ ಮಾಡಿದ್ದನ್ನು ಉಳಿಸುವದು ಹೇಗೆ? ಗಾಜಿನ ಕಪಾಟಿನಲ್ಲಿಟ್ಟರೆ ಗುಳ್ಳವ್ವನು ಬರಿಯ ಬೊಂಬೆಯಾಗುವಳು. ಮಾಡುವ ಕೈಗಳು ಉಳಿದರೆ ಮಾತ್ರ ಅವಳು ಉಳಿದಾಳು. ಆದುದರಿಂದ ನಾವು ಮತ್ತೆ ನಡೆಯಿಸಬೇಕಾದದ್ದು ಹಬ್ಬದ ನೋಟವನ್ನಲ್ಲ, ಹಬ್ಬದ ಕೆಲಸವನ್ನು ಎಂಬುದು ನನ್ನ ಅಭಿಪ್ರಾಯ.

ಈ ಪ್ರಶ್ನೆಯು ನಮ್ಮ ಸೀಮೆಯದು ಮಾತ್ರವಲ್ಲ. ಅಮೇರಿಕೆಯ ಕಲಾವಿದ ಆ್ಯಲನ್ ಕ್ಯಾಪ್ರೋ ಎಂಬವರು 1967ರಲ್ಲಿ ಲಾಸ್ ಏಂಜಲೀಸ್ ಮತ್ತು ಪ್ಯಾಸಡೀನಾದ ಸುತ್ತಿನಲ್ಲಿ ಜನರನ್ನು ಕೂಡಿಸಿ, ಮಂಜುಗಡ್ಡೆಯ ತುಂಡುಗಳಿಂದ ಸುಮಾರು 30 ಅಡಿ ಉದ್ದ, 8 ಅಡಿ ಎತ್ತರದ ಕಟ್ಟಡಗಳನ್ನು ಕಟ್ಟಿಸಿ ಕರಗಲು ಬಿಟ್ಟರು. ಅವರು 2006ರಲ್ಲಿ ತೀರಿಕೊಂಡರು. 2008ರಲ್ಲಿ ಲಾಸ್ ಏಂಜಲೀಸಿನ ಜನರು ಅದನ್ನೇ ಹೊಸದಾಗಿ ಕಟ್ಟಿದರು. ಹಳೆಯ ಮಂಜುಗಡ್ಡೆಯ ಒಂದು ಚೂರೂ ಉಳಿದಿರಲಿಲ್ಲ. ಮಾಡುವ ಬಗೆಯನ್ನು ಹೇಳಿದ ಮಾತುಗಳು ಉಳಿದಿದ್ದವು, ಹೊರುವ ಕೈಗಳು ಬಂದವು. ನಮ್ಮಲ್ಲಿ ಆ ಮಾತುಗಳು ಅಜ್ಜಿಯರ ಬಾಯಲ್ಲಿವೆ. ಅವರು ಹೋದರೆ ಅವೂ ಹೋಗುವವು.

ಹೀಗೆಂದು ಮುಂದಿನ ಆಷಾಢದಲ್ಲಿ ನಾವು ರಂಗವನ್ನು ಬಿಟ್ಟು ಅಂಗಳಕ್ಕೆ ಇಳಿದೆವು. ತಿಕೋಟಾದ ಅದೇ ಅಜ್ಜಿಯವರೂ ಬಬಲೇಶ್ವರದ ಇಬ್ಬರು ತಾಯಂದಿರೂ ಅಂದಿನ ಶಿಕ್ಷಕಿಯರಾದರು. ಹುಡುಗಿಯರು ತಂತಮ್ಮ ಹೊಲಗಳ ಎರೆಮಣ್ಣನ್ನು ಚೀಲಗಳಲ್ಲಿ ತಂದಿದ್ದರು. ಎರೆಮಣ್ಣು ಒಣಗಿದರೆ ಬಿರಿಯುವದೆಂದು ನಾನು ಭೂಗೋಳದ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೆನು. ಅರಳೆಯನ್ನು ಬೆರೆಸಿ ನಾದಿದರೆ ಬಿರುಕು ಕಡಿಮೆಯಾಗುವದೆಂದು ಅಂದೇ ಕಲಿತೆನು. ಒಬ್ಬಳ ಗುಳ್ಳವ್ವನು ಇನ್ನೊಬ್ಬಳ ಗುಳ್ಳವ್ವನಂತಿರಲಿಲ್ಲ. ನೋಡುವವರೆಂದು ಯಾರೂ ಇರಲಿಲ್ಲ. ಬಂದವರ ಕೈಗೆಲ್ಲ ಮಣ್ಣು ಹತ್ತಿತ್ತು.

ಕ್ರೈಸ್ತ ಶಾಲೆಗೆ ಗುಳ್ಳವ್ವನ ಗೊಡವೆಯೇಕೆ ಎಂದು ಕೆಲವರು ಕೇಳಿದರು. ನಮ್ಮ ದೇವತೆಯನ್ನು ಆಟಿಗೆ ಮಾಡುವಿರಾ ಎಂದು ಮತ್ತೆ ಕೆಲವರು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಪೂಜೆಯು ಮನೆಯದು, ಆದಕಾರಣ ಶಾಲೆಯಲ್ಲಿ ಆರತಿ ಮಾಡಿಸಲಿಲ್ಲ, ಯಾರನ್ನೂ ಒತ್ತಾಯಪಡಿಸಲಿಲ್ಲ. ಮೂರ್ತಿಗಳನ್ನು ನಂಬುವ ಮನೆಯವರು ಒಯ್ದು ತಮ್ಮ ರೀತಿಯಂತೆ ನಡೆಯಿಸಿದರು. ಆರತಿಯಿಲ್ಲದ ಹಬ್ಬವು ಪೂರ್ಣ ಹಬ್ಬವಲ್ಲವೆಂಬುದನ್ನು ನಾನು ಒಪ್ಪುವೆನು. ಆದರೂ ಮಣ್ಣು ನಾದುವದರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಹುಡುಗಿಯರು ಒಬ್ಬರಿಂದೊಬ್ಬರು ಕಲಿಯುವದಕ್ಕೆ ಯಾವ ಧರ್ಮದ ಅಡ್ಡಿಯೂ ಇಲ್ಲ. ನೆರೆಯವಳು ಯಾವುದನ್ನು ಪವಿತ್ರವೆಂದು ಭಾವಿಸುವಳೋ ಅದನ್ನು ಗೌರವದಿಂದ ಮುಟ್ಟಲು ಕಲಿಯುವದೂ ವಿದ್ಯೆಯೇ.

ಪರೀಕ್ಷೆಯ ದಿನಗಳಲ್ಲಿ ಇದಕ್ಕೆ ವೇಳೆಯೆಲ್ಲಿ ಎನ್ನುವ ಪಾಲಕರಿಗೆ ನನ್ನ ಉತ್ತರವು ಇಷ್ಟೇ: ಆಷಾಢದ ಒಂದು ಮಧ್ಯಾಹ್ನವು ಸಾಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬೇಡಿಕೆಯುಂಟು. ಬರುವ ಆಷಾಢಕ್ಕೆ ಬರಿಗೈಯಿಂದ ಬರಬೇಡಿರಿ. ನಿಮ್ಮೂರ ಹೊಲದ ಒಂದು ಬುಟ್ಟಿ ಮಣ್ಣನ್ನೂ, ನಡೆಯಲು ಶಕ್ತರಾದ ಅತ್ತೆಯವರನ್ನೋ ಅಜ್ಜಿಯವರನ್ನೋ ಕರೆದುಕೊಂಡು ಬನ್ನಿರಿ. ಅವರಿಗೆ ಕುರ್ಚಿಯನ್ನಲ್ಲ, ಮಣ್ಣಿನ ಬಳಿ ಮಣೆಯನ್ನು ಹಾಕಿ ಕಾದಿರುವೆವು.