ಹಳೆಯ ಕಾರಿನ ಜ್ವರ

ಇಂಗ್ಲೆಂಡಿನ ಆ್ಯಬಿಂಗ್‌ಡನ್ ಪಟ್ಟಣದ ಕಾರ್ಖಾನೆಯಲ್ಲಿ 1962ರಿಂದ 1980ರ ವರೆಗೆ ತಯಾರಾದ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರು ಇಂದಿಗೂ ಸಾವಿರಾರು ಮನೆಗಳಲ್ಲಿ ಮುದ್ದಿನ ವಸ್ತುವಾಗಿ ಉಳಿದಿದೆ. ಎಲ್ಲ ಮಾದರಿಗಳೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಕಾರು ಅದು. ಬೇಸಗೆಯ ರಜಾದಿನಗಳಲ್ಲಿ ಆ ನಾಡಿನ ರಸ್ತೆಯ ಅಂಚಿನಲ್ಲಿ ಬಾನೆಟ್ ಎತ್ತಿ ನಿಂತ ಇಂತಹ ಒಂದು ಕಾರು, ಏಳುತ್ತಿರುವ ಹಬೆಯನ್ನು ಮೌನವಾಗಿ ನೋಡುತ್ತಿರುವ ಅದರ ಒಡೆಯ, ಒಳಗೆ ಕುಳಿತು ಗಡಿಯಾರ ನೋಡುತ್ತಿರುವ ಅವನ ಪತ್ನಿ, ಇವರು ಕಣ್ಣಿಗೆ ಬಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಕಾರಿಗೆ ಜ್ವರ ಬಂದಿದೆ, ಅಷ್ಟೆ.

ಜ್ವರವು ರೋಗವಲ್ಲ, ರೋಗದ ಗುರುತು ಮಾತ್ರ ಎಂಬುದನ್ನು ವೈದ್ಯರು ಎಷ್ಟು ಬಾರಿ ಹೇಳಿದರೂ ಜನರು ಮೊದಲು ಕೇಳುವುದು ಜ್ವರ ಇಳಿಸುವ ಮಾತ್ರೆಯನ್ನೇ. ಹಳೆಯ ಕಾರಿನ ಒಡೆಯರೂ ಹಾಗೆಯೇ. ಎಂಜಿನ್ ಕಾದ ಮರುದಿನವೇ ಹೊಸ ರೇಡಿಯೇಟರನ್ನು ಕೊಂಡು ತರುತ್ತಾರೆ. ಅದಕ್ಕೂ ಬಗ್ಗದಿದ್ದರೆ ಇನ್ನೂ ದೊಡ್ಡದನ್ನು ತರುತ್ತಾರೆ. ಹಣವೆಲ್ಲ ಹೋದಮೇಲೆ, ಕಾರಣವು ಕೆಲವೇ ಕಾಸಿನ ರಬ್ಬರ್ ಕೊಳವೆಯಲ್ಲಿತ್ತೆಂದು ತಿಳಿಯುವುದುಂಟು.

ಎಂಜಿನ್‌ನೊಳಗೆ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ನೀರು ಹೊತ್ತೊಯ್ಯಬೇಕು. ಪಂಪು ಆ ನೀರನ್ನು ಸಿಲಿಂಡರುಗಳ ಸುತ್ತ ನೂಕುತ್ತದೆ. ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಇಳಿಯುವಾಗ ಗಾಳಿಯು ಅದರ ಶಾಖವನ್ನು ಕಸಿಯುತ್ತದೆ. ಇವೆರಡರ ನಡುವೆ ಬಾಗಿಲು ಕಾಯುವವನಂತೆ ಥರ್ಮೋಸ್ಟಾಟ್ ಇರುತ್ತದೆ. ಈ ಕಾರಿನಲ್ಲಿ ಸಾಮಾನ್ಯವಾಗಿ 82 ಡಿಗ್ರಿ ಸೆಂಟಿಗ್ರೇಡಿಗೆ ಅದು ತೆರೆದುಕೊಳ್ಳುತ್ತದೆ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಪ್ರೆಷರ್ ಕುಕ್ಕರಿನ ತತ್ತ್ವವೇ ಅಲ್ಲಿಯೂ ಇದೆ. ಚದರ ಅಂಗುಲಕ್ಕೆ 10 ಪೌಂಡು ಒತ್ತಡವನ್ನು ಹಿಡಿಯುವ ಮುಚ್ಚಳವಿದ್ದರೆ ನೀರು 100ರ ಬದಲು ಸುಮಾರು 115 ಡಿಗ್ರಿಯಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರ್ ಬಿರಿದರೆ ಆ ಹದಿನೈದು ಡಿಗ್ರಿಯ ರಕ್ಷೆ ಹೋಯಿತೆಂದೇ ಲೆಕ್ಕ.

ಆದುದರಿಂದ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಜ್ವರ ಏರುವುದು ಯಾವಾಗ?

ಸಂದಣಿಯಲ್ಲಿ ನಿಂತಾಗ ಏರಿ, ರಸ್ತೆ ತೆರವಾಗಿ ಓಡತೊಡಗಿದೊಡನೆ ಇಳಿದರೆ ಕೊರತೆ ಗಾಳಿಯದು. ಫ್ಯಾನಿನ ಬೆಲ್ಟ್ ಸಡಿಲವಾಗಿರಬಹುದು; ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗಬಾರದು. 1976ರಲ್ಲಿ ಬಂದ ಬದಲಾವಣೆಯ ಅನಂತರದ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನದು. ಅಲ್ಲಿ ಸ್ವಿಚ್ಚನ್ನೂ ತಂತಿಯನ್ನೂ ನೋಡಬೇಕು. ನಿಂತಾಗ ತಣ್ಣಗಿದ್ದು, ವೇಗದಲ್ಲಿಯೋ ಏರಿನಲ್ಲಿಯೋ ಕಾದರೆ ಕೊರತೆ ನೀರಿನ ಹರಿವಿನದು. ರೇಡಿಯೇಟರಿನ ನಳಿಗೆಗಳು ಕಟ್ಟಿರಬಹುದು. ಇಲ್ಲವೆ ಕೆಳಗಿನ ರಬ್ಬರ್ ಕೊಳವೆ ಹಳತಾಗಿ ಮೆತ್ತಗಾಗಿ, ಪಂಪು ಜೋರಾಗಿ ಎಳೆದಾಗ ಒಳಕ್ಕೆ ಕುಸಿದು ದಾರಿ ಮುಚ್ಚುತ್ತಿರಬಹುದು. ಇದು ಬಹಳ ಕುತಂತ್ರದ ದೋಷ. ಕಾರನ್ನು ನಿಲ್ಲಿಸಿ ನೋಡಿದಾಗ ಕೊಳವೆ ಏನೂ ಅರಿಯದಂತೆ ದುಂಡಗೆ ನಿಂತಿರುತ್ತದೆ! ಎಂಜಿನ್ ಹೊರಡಿಸಿದ ಕೆಲವೇ ನಿಮಿಷಗಳಲ್ಲಿ ಮುಳ್ಳು ಏರಿದರೆ ಥರ್ಮೋಸ್ಟಾಟ್ ಮುಚ್ಚಿಯೇ ಉಳಿದಿದೆ, ಇಲ್ಲವೆ ಹೆಡ್ಡಿನ ಗ್ಯಾಸ್ಕೆಟ್ ಹೋಗಿದೆ. ಎಲ್ಲಿಯೂ ಸೋರದೆ ನೀರು ಕಡಮೆಯಾಗುತ್ತಿದ್ದರೆ, ರೇಡಿಯೇಟರಿನಲ್ಲಿ ಗುಳ್ಳೆಗಳು ಬಿಡದೆ ಏಳುತ್ತಿದ್ದರೆ, ಗ್ಯಾಸ್ಕೆಟ್ಟಿನ ಮೇಲಿನ ಅನುಮಾನ ಬಲವಾಗುತ್ತದೆ. ಮುಳ್ಳೇ ಸುಳ್ಳು ಹೇಳುವುದೂ ಉಂಟು. ದೂರದಿಂದಲೇ ಶಾಖವನ್ನು ಅಳೆಯುವ ಇನ್‌ಫ್ರಾರೆಡ್ ಉಷ್ಣಮಾಪಕದಿಂದ ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ನೀರಿನ ಕಡೆಯೆಲ್ಲ ಸರಿಯಾಗಿದ್ದೂ ಕಾದರೆ ಬೆಂಕಿಯ ಕಡೆ ತಿರುಗಬೇಕು. ಕಿಡಿ ತಡವಾಗಿ ಹಾರಿದರೆ ಪೆಟ್ರೋಲು ತಡವಾಗಿ ಉರಿದು, ಕೆಲಸವಾಗಬೇಕಾದ ಶಾಖವು ಹೆಡ್ಡಿಗೂ ಹೊಗೆಯ ದಾರಿಗೂ ಸೇರುತ್ತದೆ. ಕಾರ್ಬ್ಯುರೇಟರು ಪೆಟ್ರೋಲನ್ನು ತೀರ ಜಿಪುಣತನದಿಂದ ಬಿಟ್ಟರೂ ಇದೇ ಪಾಡು.

ಥರ್ಮೋಸ್ಟಾಟನ್ನು ಕಿತ್ತೆಸೆಯುವ ವೈದ್ಯವೊಂದು ಎಲ್ಲ ದೇಶಗಳಲ್ಲೂ ಪ್ರಚಾರದಲ್ಲಿದೆ. ಅದು ಕೆಟ್ಟ ವೈದ್ಯ. ಎಂಜಿನ್ ಚಳಿಯಲ್ಲಿ ಬೇಗ ಬಿಸಿಯೇರದೆ ಸವೆಯುತ್ತದೆ. ಮೂಲದೋಷವೂ ಇದ್ದಲ್ಲಿಯೇ ಇರುತ್ತದೆ. ಅದನ್ನು ಪರೀಕ್ಷಿಸುವುದು ಸುಲಭ. ನೀರು ತುಂಬಿದ ಹಳೆಯ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟು, ಉಷ್ಣಮಾಪಕವಿಟ್ಟು ಒಲೆಯ ಮೇಲೆ ಕಾಯಿಸಿದರೆ ಯಾವಾಗ ಬಾಯಿ ತೆರೆಯುವುದೆಂದು ಕಣ್ಣಾರೆ ಕಾಣಬಹುದು. ಆ ಪಾತ್ರೆ ಮತ್ತೆ ಅಡುಗೆಗೆ ಬರಕೂಡದು. ನೀರಿಗೆ ಬೆರೆಸುವ ಗ್ಲೈಕಾಲ್ ರುಚಿಗೆ ಸಿಹಿಯಾದರೂ ವಿಷ. ಮಕ್ಕಳೂ ನಾಯಿಗಳೂ ಇರುವ ಮನೆಯಲ್ಲಿ, ಇಳಿಸಿದ ನೀರನ್ನು ತೆರೆದಿಡುವುದು ಸಲ್ಲದು.

ಎಂ.ಜಿ.ಬಿ.ಯ 1798 ಘನ ಸೆಂಟಿಮೀಟರಿನ ಎಂಜಿನ್ ‘ಬಿ-ಸೀರೀಸ್’ ಎಂಬ ವಂಶಕ್ಕೆ ಸೇರಿದುದು. ನಮ್ಮ ಅಂಬಾಸಿಡರ್ ಕಾರಿನ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನೂ ಅದೇ ವಂಶದ್ದು. ಘಟ್ಟ ಹತ್ತುವಾಗ ಡಿಕ್ಕಿಯಲ್ಲಿ ನೀರಿನ ಡಬ್ಬಿಯಿಡುತ್ತಿದ್ದ ಚಾಲಕರು ನೆನಪಿರುವವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬಿ-ಸೀರೀಸ್ ಎಂಜಿನ್ನಿಗೆ ಕುಲದೋಷವೊಂದಿದೆ. ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ಪಂಪು ಮುಂದೆ, ಕೊನೆಯ ಸಿಲಿಂಡರು ಹಿಂದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಗಡಸು ನೀರು ಸುಣ್ಣದ ಹೊಪ್ಪಳಿಕೆ ಕಟ್ಟುತ್ತದೆ, ಇವೆಲ್ಲ ದಶಕಗಳ ಕಾಲ ಸರಿದು ಸರಿದು ಹರಿವು ಮಂದವಾದ ಹಿಂಬದಿಯ ತಳದಲ್ಲಿ ರಾಡಿಯಾಗಿ ನೆಲೆಸುತ್ತವೆ. ಆಗ ರೇಡಿಯೇಟರು ಹೊಸದು, ಪಂಪು ಹೊಸದು, ಕೊಳವೆಗಳೆಲ್ಲ ಹೊಸವು, ಆದರೂ ಹಿಂದಿನ ಸಿಲಿಂಡರು ನೀರಿನ ಬದಲು ಕೆಸರಿನಲ್ಲಿ ನಿಂತಿರುತ್ತದೆ! ಬ್ಲಾಕಿನ ಹಿಂಬದಿಯಲ್ಲಿ ನೀರಿಳಿಸುವ ಪುಟ್ಟ ನಲ್ಲಿಯೊಂದಿದೆ. ಅದನ್ನು ತಿರುಗಿಸಿದಾಗ ಹನಿಯೂ ಬರದಿದ್ದರೆ ರೋಗ ಸಿಕ್ಕಿತೆಂದು ತಿಳಿಯಬೇಕು. ಗಟ್ಟಿ ತಂತಿಯಿಂದ ಕೆದಕಿ, ನೀರಿನ ಪೈಪನ್ನು ಹರಿವಿಗೆ ವಿರುದ್ಧವಾಗಿ ಹಿಡಿದು, ತಿಳಿನೀರು ಬರುವ ವರೆಗೆ ತೊಳೆಯಬೇಕು. ಅಷ್ಟಕ್ಕೂ ಸಡಿಲದಿದ್ದರೆ ಬ್ಲಾಕಿನ ಪಕ್ಕದ ತಗಡಿನ ಬಿರಡೆಗಳನ್ನು ತೆಗೆಸಿ ಕೆರೆಸಬೇಕಾಗುತ್ತದೆ. ಮೆಕ್ಯಾನಿಕ್ಕಿನ ಕೈ ಕೊಳೆಯಾಗುವ, ಒಡೆಯನ ಕೈ ಮಾತ್ರ ಅಷ್ಟಾಗಿ ಬರಿದಾಗದ ಕೆಲಸ ಇದು. ಬಹುಶಃ ಆ ಕಾರಣದಿಂದಲೇ ಇದನ್ನು ಎಲ್ಲರೂ ಕೊನೆಗೆ ಬಿಡುತ್ತಾರೆ.

ಉಪೇಕ್ಷಿಸಿದರೆ ದಂಡ ದೊಡ್ಡದು. ಈ ಎಂಜಿನ್‌ನಲ್ಲಿ ನಡುವಣ ಎರಡು ಸಿಲಿಂಡರುಗಳಿಗೆ ಹೊಗೆ ಬಿಡುವ ದಾರಿ ಒಂದೇ. ಅತಿಯಾದ ಶಾಖಕ್ಕೆ ಹೆಡ್ಡು ಬಿರಿದರೆ, ಅರ್ಧ ಶತಮಾನ ಬಾಳಿದ ಎಂಜಿನ್‌ನ ಮೂಲಭಾಗವೊಂದು ಗುಜರಿಗೆ ಹೋಗುತ್ತದೆ. ದಾರಿಯಲ್ಲಿ ಮುಳ್ಳು ಏರಿದೊಡನೆ ಕಾರಿನೊಳಗಣ ಹೀಟರನ್ನು ಪೂರ್ಣ ತೆರೆದರೆ ಅದು ಪುಟ್ಟ ರೇಡಿಯೇಟರಿನಂತೆ ಒಂದಿಷ್ಟು ಶಾಖವನ್ನು ಎಳೆಯುತ್ತದೆ. ಪ್ರಯಾಣಿಕರು ಬೆವರಿದರೆ ಬೆವರಲಿ. ಆಗಲೂ ಇಳಿಯದಿದ್ದರೆ ನಿಲ್ಲಿಸಲೇಬೇಕು. ಬಿಸಿಯಾಗಿರುವಾಗ ಮುಚ್ಚಳ ಮುಟ್ಟಬಾರದು. ಒತ್ತಡ ಬಿಟ್ಟೊಡನೆ ನೀರೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ನೀರಾರಿ ಕಾದ ಕಬ್ಬಿಣಕ್ಕೆ ತಣ್ಣೀರು ಹೊಯ್ದರೆ ಬಿರುಕು ಬಿಡಬಹುದು. ಅರ್ಧ ಗಂಟೆಯಾದರೂ ಕಾಯಬೇಕು.

ತೊಳೆದಾದ ಮೇಲೆ ಹೀಟರಿನ ನಲ್ಲಿಯನ್ನು ತೆರೆದಿಟ್ಟು ನೀರನ್ನು ನಿಧಾನವಾಗಿ ತುಂಬಬೇಕು, ಒಳಗೆ ಸಿಕ್ಕ ಗಾಳಿ ಹೊರಬರಲಿ ಎಂದು. ಮೊದಲ ಸವಾರಿ ಮನೆಯ ಆಸುಪಾಸಿನಲ್ಲೇ ಇರಲಿ. ಎಂಜಿನ್ ಪೂರ್ತಿ ತಣಿದ ಮೇಲೆ ನೀರಿನ ಮಟ್ಟವನ್ನು ಮತ್ತೊಮ್ಮೆ ನೋಡಿದರೆ, ಮೊದಲ ಬಾರಿಗೆ ಅದು ಒಂದಿಷ್ಟು ಇಳಿದಿರುವುದು ಸಹಜ.